ಓದುಗರೇ ಕೇಳಿದ ಪತ್ರ ಸ್ಪ್ಯಾಮ್ ಹೇಗಾಗುತ್ತದೆ?

ನಾನೇ ಕೇಳಿ ತರಿಸಿಕೊಳ್ಳುವ ಪತ್ರ ನನಗೆ ಬೇಕೋ ಬೇಡವೋ ಅಂತ ತೀರ್ಮಾನ ಮಾಡಬೇಕಾದವನು ನಾನು. ಮೇಲ್ ಕಂಪನಿ ಅಲ್ಲ. ಆದರೂ ಅಂಥ ಪತ್ರವನ್ನು ಕಂಪನಿಯ ಯಂತ್ರ ಸ್ಪ್ಯಾಮ್ ಅಂತ, ಅಂದರೆ ಬೇಡದ ಕಸದ ಮೇಲ್ ಅಂತ, ಪಕ್ಕಕ್ಕೆ ಹಾಕಿಬಿಡುತ್ತದೆ. ಇಷ್ಟು ಸರಳ ವಿಷಯವನ್ನು ಇಷ್ಟುದ್ದ ಬರೆಯಲು ಕಾರಣ, ಈ ಸಲ ಮಳೆಗಾಲಕ್ಕೆ ಮುಂಚೆ ನಡೆದದ್ದು ಇನ್ನೂ ಮನಸ್ಸಿನಿಂದ ಹೋಗಿಲ್ಲ.

ಗೊತ್ತಿಲ್ಲದವರಿಗೆ ಎರಡು ಮಾತು. ನಾವು ಕೆಲವು ಗೆಳೆಯರು ಸೇರಿ ಮಲೆನಾಡಿನ ಸಣ್ಣ ಅಡಿಕೆ ಬೆಳೆಗಾರರಿಗೆ ಕನ್ನಡದಲ್ಲಿ ಒಂದು ನ್ಯೂಸ್‌ಲೆಟರ್ ಕಳಿಸುತ್ತೇವೆ. ಮಳೆ, ರೋಗ, ಗೊಬ್ಬರ, ಮಾರುಕಟ್ಟೆ ದರ, ಸರ್ಕಾರದ ಯೋಜನೆಗಳು, ಇಷ್ಟೇ ಅದರಲ್ಲಿರುವುದು. ದುಡ್ಡು ತಗೊಳ್ಳುವುದಿಲ್ಲ, ಜಾಹೀರಾತೂ ಇಲ್ಲ. ಬೇಕು ಅಂದವರು ತಾವೇ ಮೇಲ್ ವಿಳಾಸ ಕೊಡಬೇಕು. ಆಮೇಲೆ ಅವರಿಗೊಂದು ಮೇಲ್ ಹೋಗುತ್ತದೆ. ಅದರಲ್ಲಿರುವ ಲಿಂಕ್ ಒತ್ತಿ ಖಚಿತ ಮಾಡಿದರೆ ಮಾತ್ರ ಹೆಸರು ಪಟ್ಟಿಗೆ ಸೇರುತ್ತದೆ. ಅಂದರೆ ಒಬ್ಬೊಬ್ಬರೂ ಎರಡೆರಡು ಸಲ 'ಬೇಕು' ಅಂದಿದ್ದಾರೆ.

ವಾಟ್ಸಾಪ್ ಇರುವಾಗ ಮೇಲ್ ಯಾಕೆ ಅಂತ ಸುಮಾರು ಜನ ಕೇಳುತ್ತಾರೆ. ವಾಟ್ಸಾಪ್ ಗುಂಪಿನಲ್ಲಿ ಹಾಕಿದ್ದು ಸಂಜೆಯೊಳಗೆ ಗುಡ್ ಮಾರ್ನಿಂಗ್ ಚಿತ್ರಗಳ ಕೆಳಗೆ ಹೂತುಹೋಗುತ್ತದೆ. ಮೇಲ್ ಹಾಗಲ್ಲ. ಹೋದ ವರ್ಷದ ಪತ್ರವನ್ನು ಈ ವರ್ಷ ಹುಡುಕಿ ತೆಗೆಯಬಹುದು, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಬಹುದು. ನಮ್ಮ ಓದುಗರಲ್ಲಿ ಅನೇಕರು ಹಾಗೆ ಮಾಡುತ್ತಾರೆ ಕೂಡ. ಇನ್ನು ಕೆಲವರು ಬೆಂಗಳೂರಲ್ಲೋ ಹೊರದೇಶದಲ್ಲೋ ಕೂತು ಊರಿನ ತೋಟ ನೋಡಿಕೊಳ್ಳುವವರು. ಅವರು ಪತ್ರ ಓದಿ ಅಪ್ಪನಿಗೆ ಫೋನ್ ಮಾಡಿ ಹೇಳುತ್ತಾರೆ.

ಮಳೆಗಾಲದ ಮುಂಚಿನ ಪತ್ರ ನಮಗೆ ವರ್ಷದ ಎಲ್ಲಕ್ಕಿಂತ ಮುಖ್ಯವಾದ ಪತ್ರ. ಕೊಳೆರೋಗದ ಬಗ್ಗೆ. ಅಡಿಕೆ ಬೆಳೆಯುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಮಳೆ ಹಿಡಿಯುವುದಕ್ಕೆ ಮೊದಲೇ ಗೊನೆಗಳಿಗೆ ಬೋರ್ಡೋ ದ್ರಾವಣ ಹೊಡೆಸಬೇಕು. ಮೈಲುತುತ್ತ 1 ಕೆಜಿ, ಸುಣ್ಣ 1 ಕೆಜಿ, ನೀರು 100 ಲೀಟರ್. ಬೇರೆ ಬೇರೆ ಕರಗಿಸಿ ಆಮೇಲೆ ಸೇರಿಸಬೇಕು. ಉಜ್ಜಿದ ಕಬ್ಬಿಣದ ಚಾಕು ಅದ್ದಿ ನೋಡಬೇಕು, ಅದರ ಮೇಲೆ ತಾಮ್ರದ ಬಣ್ಣ ಕೂತರೆ ಇನ್ನಷ್ಟು ಸುಣ್ಣ ಬೇಕು ಅಂತ ಅರ್ಥ. ನಲವತ್ತು, ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ ಹೊಡೆಸಬೇಕು. ಮೊದಲ ಸಲದ್ದು ತಪ್ಪಿತು ಅಂದರೆ ಬಿಡದೆ ಸುರಿಯುವ ಮಳೆಯಲ್ಲಿ ಮರ ಹತ್ತುವವರೂ ಸಿಗುವುದಿಲ್ಲ, ಹೊಡೆದದ್ದೂ ನಿಲ್ಲುವುದಿಲ್ಲ. ಹಸಿರು ಕಾಯಿ ಉದುರಿ ಮರದ ಬುಡದಲ್ಲಿ ರಾಶಿ ಬೀಳುತ್ತದೆ. ಈ ಸಲ ಮಳೆ ಬೇಗ ಬರುವ ಹಾಗಿದೆ, ಬೇಗ ಹೊಡೆಸಿಕೊಳ್ಳಿ ಅಂತ ನಾವು ಬರೆದಿದ್ದೆವು.

ತೀರ್ಥಹಳ್ಳಿ ಕಡೆಯ ನಿವೃತ್ತ ಮೇಷ್ಟ್ರೊಬ್ಬರು ಶುರುವಿನಿಂದ ನಮ್ಮ ಓದುಗರು. ಮಳೆ ಹಿಡಿದ ಮೇಲೆ ಫೋನ್ ಮಾಡಿದರು. "ಏನಪ್ಪಾ, ಪತ್ರ ಬರೆಯೋದು ನಿಲ್ಲಿಸಿಬಿಟ್ರಾ?" ಅಂತ ಕೇಳಿದರು. ಇಲ್ಲ ಸಾರ್, ಪ್ರತಿ ಸಲ ಕಳಿಸಿದ್ದೇವೆ ಅಂದೆ. ಸ್ಪ್ಯಾಮ್ ಫೋಲ್ಡರ್ ತೆರೆದು ನೋಡಿ ಅಂದೆ. ಅಂಥದ್ದೊಂದು ಫೋಲ್ಡರ್ ಇದೆ ಅಂತಲೇ ಅವರಿಗೆ ಗೊತ್ತಿರಲಿಲ್ಲ. ಮೊಮ್ಮಗಳು ತೆಗೆದುಕೊಟ್ಟಳು. ಮೇಲೆ 'ನಿಮ್ಮ ಖಾತೆ ಬ್ಲಾಕ್ ಆಗಿದೆ, ಈಗಲೇ ಕೆವೈಸಿ ಮಾಡಿ' ಅನ್ನುವ ಕಳ್ಳ ಮೇಲ್. ಕೆಳಗೆ ಲಾಟರಿ ಬಂದಿದೆ ಅನ್ನುವ ಇನ್ನೊಂದು. ಅವೆರಡರ ನಡುವೆ ನಮ್ಮ ಕೊಳೆರೋಗದ ಪತ್ರ. ಅದರ ತಲೆಯ ಮೇಲೆ ಒಂದು ಪಟ್ಟಿ. ಹಿಂದೆ ಸ್ಪ್ಯಾಮ್ ಅಂತ ಗುರುತಿಸಿದ ಮೇಲ್‌ಗಳಿಗೂ ಇದಕ್ಕೂ ಹೋಲಿಕೆ ಇದೆ ಎನ್ನುವ ಮಾತು. ಯಾವುದಕ್ಕೆ ಹೋಲಿಕೆ? ಯಾವ ಸಾಲಿನಲ್ಲಿ? ಅದನ್ನು ಯಾರೂ ಹೇಳುವುದಿಲ್ಲ.

"ನಾನು ಬೇಡ ಅಂದಿರಲಿಲ್ಲವಲ್ಲ" ಅಂದರು ಮೇಷ್ಟ್ರು. ನನಗೆ ಅದಕ್ಕೆ ಕೊಡಲು ಉತ್ತರ ಇರಲಿಲ್ಲ.

ಆಮೇಲೆ ವಿಚಾರಿಸಿದರೆ ಇನ್ನೂ ಅನೇಕರದ್ದು ಇದೇ ಕತೆ. ನಮ್ಮ ಕಡೆಯಿಂದ ಏನೂ ಬಾಕಿ ಇರಲಿಲ್ಲ. ಪತ್ರ ನಿಜವಾಗಿ ನಮ್ಮಿಂದಲೇ ಬಂದಿದೆ ಅಂತ ತೋರಿಸುವುದಕ್ಕೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಅಂತ ಮೂರು ಪರೀಕ್ಷೆಗಳಿವೆ. ನಮ್ಮ ಸರ್ವರ್‌ಗೆ ಈ ಹೆಸರಿನಲ್ಲಿ ಕಳಿಸುವ ಅಧಿಕಾರ ಇದೆಯೇ, ದಾರಿಯಲ್ಲಿ ಯಾರಾದರೂ ಪತ್ರ ತಿದ್ದಿದ್ದಾರೆಯೇ, ಮೇಲೆ ಕಾಣುವ ಹೆಸರಿಗೂ ಈ ಪುರಾವೆಗೂ ತಾಳೆ ಆಗುತ್ತದೆಯೇ ಅಂತ ಅವು ನೋಡುತ್ತವೆ. ಮೇಷ್ಟ್ರ ಮೊಮ್ಮಗಳು ಪತ್ರದ ಮೂಲ ರೂಪ ತೆರೆದು ಫೋಟೋ ಕಳಿಸಿದಳು. ಮೂರರಲ್ಲೂ ಪಾಸ್. ಆದರೂ ಸ್ಪ್ಯಾಮ್.

ನನ್ನನ್ನು ಎಲ್ಲಕ್ಕಿಂತ ಜಾಸ್ತಿ ಕಾಡುವುದು ಇದು ಸದ್ದಿಲ್ಲದೆ ನಡೆಯುವುದು. ನಮ್ಮ ಸಾಫ್ಟ್‌ವೇರ್ 'ತಲುಪಿದೆ' ಅಂತಲೇ ತೋರಿಸುತ್ತದೆ. ಯಾಕೆಂದರೆ ಆ ಕಡೆಯ ಸರ್ವರ್ ಪತ್ರವನ್ನು ಸರಿ ಅಂತ ತೆಗೆದುಕೊಂಡಿದೆ. ತೆಗೆದುಕೊಂಡ ಮೇಲೆ ಒಳಗೆ ಎಲ್ಲಿಗೆ ಹಾಕಿತು ಅಂತ ಕಳಿಸಿದವರಿಗೆ ಗೊತ್ತಾಗುವುದಿಲ್ಲ. ಪಡೆಯಬೇಕಾದವರಿಗೂ ಗೊತ್ತಾಗುವುದಿಲ್ಲ. ಜಿಮೇಲ್‌ನಲ್ಲಾದರೆ ಸ್ಪ್ಯಾಮ್‌ಗೆ ಬಿದ್ದದ್ದು 30 ದಿನ ಆದ ಮೇಲೆ ತಾನಾಗಿಯೇ ಅಳಿಸಿಹೋಗುತ್ತದೆ. ನಮ್ಮೂರ ಅಂಚೆಯಣ್ಣ ವಿಳಾಸದವರು ಸಿಗದಿದ್ದರೆ ಲಕೋಟೆಯ ಮೇಲೆ ಕಾರಣ ಬರೆದು ವಾಪಸ್ ಕಳಿಸುತ್ತಿದ್ದರು. ಪತ್ರ ಹೋಗಿಲ್ಲ ಅಂತಾದರೂ ತಿಳಿಯುತ್ತಿತ್ತು.

ಮೇಲ್ ಕೂಡ ಹುಟ್ಟಿದ್ದು ಇದೇ ನಂಬಿಕೆಯ ಮೇಲೆ. ಮೇಲ್ ಸಾಗಿಸುವುದಕ್ಕೆ ಜಗತ್ತೆಲ್ಲ ಒಪ್ಪಿಕೊಂಡ ನಿಯಮ ಪುಸ್ತಕ ಇದೆ. 1982ರಲ್ಲಿ ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಜಾನ್ ಪೋಸ್ಟೆಲ್ ಬರೆದದ್ದು, 2008ರಲ್ಲಿ ಪರಿಷ್ಕರಣೆ ಆಗಿದೆ. ಒಂದು ಸರ್ವರ್ ಪತ್ರವನ್ನು ಒಪ್ಪಿಕೊಂಡಿತು ಅಂದರೆ ಅದನ್ನು ಮುಟ್ಟಿಸುವ ಹೊಣೆಯನ್ನೂ ಒಪ್ಪಿಕೊಂಡಂತೆ, ಕ್ಷುಲ್ಲಕ ಕಾರಣಕ್ಕೆ ಕಳೆಯುವಂತಿಲ್ಲ ಅಂತ ಅದು ಹೇಳುತ್ತದೆ. ಪತ್ರವನ್ನು ಹೇಳದೆ ಕೇಳದೆ ಬಿಸಾಕುವುದಾದರೆ ಅದು ಮೋಸದ್ದು ಅಂತ ತುಂಬಾ ಖಾತ್ರಿ ಇದ್ದಾಗ ಮಾತ್ರ ಅಂತಲೂ ಇದೆ. ಸ್ಪ್ಯಾಮ್ ಫೋಲ್ಡರ್‌ಗೆ ಹಾಕಿದರೆ ಬಿಸಾಕಿದಂತೆ ಅಲ್ಲ ಅಂತ ಕಂಪನಿಯವರು ವಾದ ಮಾಡಬಹುದು. ಆ ಫೋಲ್ಡರ್ ಇದೆ ಅಂತಲೇ ಗೊತ್ತಿಲ್ಲದ ಮೇಷ್ಟ್ರಿಗೆ ಎರಡೂ ಒಂದೇ.

ಸೋಸುವುದೇ ಬೇಡ ಅಂತ ನಾನು ಹೇಳುತ್ತಿಲ್ಲ. 1978ರ ಮೇ 3ರಂದು ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಗ್ಯಾರಿ ಥುರ್ಕ್ ಸುಮಾರು 400 ಜನಕ್ಕೆ ಕಂಪ್ಯೂಟರ್ ಮಾರುವ ಮೇಲ್ ಕಳಿಸಿದರು. ಅದೇ ಮೊದಲ ಸ್ಪ್ಯಾಮ್ ಅನ್ನುತ್ತಾರೆ. ಈಗ ಜಿಮೇಲ್ ಒಂದೇ ದಿನಕ್ಕೆ ಸುಮಾರು 1500 ಕೋಟಿ ಬೇಡದ ಮೇಲ್ ತಡೆಯುತ್ತದೆ ಅಂತ ಗೂಗಲ್ ಹೇಳಿಕೊಂಡಿದೆ. ಸೋಸದೆ ಬಿಟ್ಟರೆ ಮೇಲ್ ಬಳಸುವುದೇ ಸಾಧ್ಯವಿಲ್ಲ. ನಮ್ಮ ಓದುಗರಲ್ಲೇ ಪಿಎಂ ಕಿಸಾನ್ ಹೆಸರಿನ ಕಳ್ಳ ಮೆಸೇಜಿನ ಲಿಂಕ್ ಒತ್ತಿ ದುಡ್ಡು ಕಳಕೊಂಡವರಿದ್ದಾರೆ. ಆ ಕಳ್ಳರನ್ನು ಯಾವ ಯಂತ್ರ ತಡೆದರೂ ನನಗೆ ಸಂತೋಷವೇ.

ಆದರೆ ನೋಡಿ, ಪಿಎಂ ಕಿಸಾನ್ ಹಣ ಬರಬೇಕಾದರೆ ಇ-ಕೆವೈಸಿ ಮಾಡಿಸಿ, ಇಂಥ ಕಡೆ ಮಾಡಿಸಿ, ಯಾರಿಗೂ ಓಟಿಪಿ ಕೊಡಬೇಡಿ ಅಂತ ನಾವೂ ಬರೆಯುತ್ತೇವೆ. ಕಳ್ಳರು ಬಳಸುವ ಪದಗಳೇ ಎಚ್ಚರಿಕೆ ಕೊಡುವವರ ಪತ್ರದಲ್ಲೂ ಬರುತ್ತವೆ. ಖಾತೆ, ಹಣ, ಸಬ್ಸಿಡಿ, ಕೊನೆಯ ದಿನಾಂಕ. ಇವನ್ನು ಬಿಟ್ಟು ರೈತರಿಗೆ ಪತ್ರ ಬರೆಯುವುದು ಹೇಗೆ? ಇಂಗ್ಲಿಷಿನಲ್ಲಿ ಇಂಥ ಎರಡು ಪತ್ರಗಳ ವ್ಯತ್ಯಾಸ ಕಲಿಯುವುದಕ್ಕೆ ಯಂತ್ರದ ಮುಂದೆ ರಾಶಿ ರಾಶಿ ಉದಾಹರಣೆ ಇದೆ. ಕನ್ನಡದಲ್ಲಿ ಅಷ್ಟಿಲ್ಲ. ಅದಕ್ಕೇ ನಮ್ಮಂಥವರ ಪತ್ರಗಳು ಸುಲಭವಾಗಿ ಸಿಕ್ಕಿಬೀಳುತ್ತವೆ ಅಂತ ನನ್ನ ಬಲವಾದ ಅನುಮಾನ.

ಕನ್ನಡಕ್ಕೆ ಇನ್ನೂ ಒಂದು ತೊಡಕಿದೆ. ಇದು ಅನುಮಾನ ಅಲ್ಲ, ಲೆಕ್ಕ. ಇಂಗ್ಲಿಷಿನ ಒಂದು ಅಕ್ಷರ ಕಂಪ್ಯೂಟರಿನಲ್ಲಿ ಒಂದು ಬೈಟ್ ಜಾಗ ತೆಗೆದುಕೊಳ್ಳುತ್ತದೆ. ಕನ್ನಡದಲ್ಲಿ ಅಕ್ಷರಕ್ಕೆ ಮೂರು, ಒತ್ತಿಗೆ, ಗುಣಿತಕ್ಕೆ ಮತ್ತೆ ಬೇರೆ. 'ಸ್ತ್ರೀ' ಅಂತ ಬರೆದರೆ ನಮ್ಮ ಕಣ್ಣಿಗೆ ಒಂದೇ ಅಕ್ಷರ, ಅಲ್ವಾ? ಕಂಪ್ಯೂಟರಿಗೆ ಅದು 18 ಬೈಟ್. ಜಿಮೇಲ್ ಸುಮಾರು 102 ಕೆಬಿ (ಒಂದು ಕೆಬಿ ಅಂದರೆ ಸುಮಾರು ಸಾವಿರ ಬೈಟ್) ದಾಟಿದ ಪತ್ರವನ್ನು ಅಲ್ಲಿಗೇ ಕತ್ತರಿಸಿ, ಉಳಿದದ್ದು ಬೇಕಾದರೆ ಒತ್ತಿ ಅನ್ನುತ್ತದೆ. ಅದೇ ಉದ್ದದ ಇಂಗ್ಲಿಷ್ ಪತ್ರಕ್ಕಿಂತ ಕನ್ನಡ ಪತ್ರ ಎಷ್ಟೋ ಬೇಗ ಆ ಗಡಿ ಮುಟ್ಟುತ್ತದೆ. ಕತ್ತರಿಸಿದಾಗ ಮೊದಲು ಮರೆಯಾಗುವುದು ಯಾವುದು? ಪತ್ರದ ತುದಿಯಲ್ಲಿರುವ 'ಇನ್ನು ಬೇಡ' ಅನ್ನುವ ಲಿಂಕ್. ಬಿಡಬೇಕು ಅನ್ನಿಸಿದ ಓದುಗರಿಗೆ ಅದು ಕಾಣುವುದಿಲ್ಲ. ಕಣ್ಣೆದುರಿಗೆ ಇರುವುದು 'ಸ್ಪ್ಯಾಮ್' ಬಟನ್. ಅದನ್ನೇ ಒತ್ತುತ್ತಾರೆ. ಅವರು ಒತ್ತಿದ್ದು ಅವರೊಬ್ಬರಿಗೇ ಮುಗಿಯುವುದಿಲ್ಲ, ಕಳಿಸಿದವರ ಲೆಕ್ಕಕ್ಕೆ ಸೇರುತ್ತದೆ.

ಆ ಲೆಕ್ಕ ಎಷ್ಟು ಬಿಗಿ ಅಂತ ಕೇಳಿ. ಗೂಗಲ್ ಮತ್ತು ಯಾಹೂ 2024ರ ಫೆಬ್ರವರಿಯಿಂದ ಹೊಸ ನಿಯಮ ತಂದವು. ರಾಶಿ ರಾಶಿ ಮೇಲ್ ಕಳಿಸುವವರಿಗೆ (ಗೂಗಲ್ ಲೆಕ್ಕದಲ್ಲಿ ದಿನಕ್ಕೆ 5000ಕ್ಕಿಂತ ಹೆಚ್ಚು) ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಪುರಾವೆ ಕಡ್ಡಾಯ, ಒಂದೇ ಒತ್ತಿಗೆ ಪಟ್ಟಿಯಿಂದ ಹೊರಬರುವ ಅನುಕೂಲವೂ ಕಡ್ಡಾಯ. ಇವು ಒಳ್ಳೆಯ ನಿಯಮಗಳೇ. ನಾವು ಅಷ್ಟು ದೊಡ್ಡವರಲ್ಲದಿದ್ದರೂ ಎಲ್ಲವನ್ನೂ ಮಾಡಿಕೊಂಡೆವು. ಇದರ ಜೊತೆ ಇನ್ನೊಂದಿದೆ. ಸ್ಪ್ಯಾಮ್ ದೂರು ಶೇಕಡಾ 0.3 ಮುಟ್ಟಬಾರದು. ಅಂದರೆ ಸಾವಿರಕ್ಕೆ ಮೂರು. ಲಕ್ಷಾಂತರ ಜನಕ್ಕೆ ಕಳಿಸುವ ಕಂಪನಿಗೆ ಇದು ಸರಾಸರಿಯಲ್ಲಿ ಸರಿಹೋಗುತ್ತದೆ. ಮುನ್ನೂರು ಓದುಗರಿರುವ ಒಂದು ಸಣ್ಣ ಪತ್ರಕ್ಕೆ? ಒಬ್ಬರು ಕೈತಪ್ಪಿ ಒತ್ತಿದರೂ ಗಡಿ ದಾಟಿತು. ನಮ್ಮ ಲೆಕ್ಕ ಎಷ್ಟಿದೆ ಅಂತ ನೋಡಿಕೊಳ್ಳೋಣ ಅಂದರೆ ಅದಕ್ಕಾಗಿ ಗೂಗಲ್ ಕೊಟ್ಟಿರುವ ಪೋಸ್ಟ್‌ಮಾಸ್ಟರ್ ಟೂಲ್ಸ್ ಕಡಿಮೆ ಮೇಲ್ ಕಳಿಸುವವರಿಗೆ ಅಂಕಿಗಳನ್ನೇ ತೋರಿಸುವುದಿಲ್ಲ. ದೊಡ್ಡ ಕಂಪನಿಗಳು ಇದನ್ನೆಲ್ಲ ನೋಡಿಕೊಳ್ಳುವುದಕ್ಕೇ ಸಂಬಳ ಕೊಟ್ಟು ಜನ ಇಟ್ಟುಕೊಂಡಿರುತ್ತವೆ. ಅದಕ್ಕೇ ನೀವು ಯಾವತ್ತೋ ಒಮ್ಮೆ ಚಪ್ಪಲಿ ಕೊಂಡ ಅಂಗಡಿಯ ಆಫರ್ ಮೇಲ್ ನೇರ ನಿಮಗೆ ಬಂದು ಮುಟ್ಟುತ್ತದೆ, ನೀವೇ ಕೇಳಿದ ಪತ್ರ ಮುಟ್ಟುವುದಿಲ್ಲ. ಇದು ನ್ಯಾಯ ಅಲ್ಲ.

2015ರಲ್ಲಿ ಗೂಗಲ್ ಒಂದು ಅಂಕಿ ಕೊಟ್ಟಿತ್ತು. ಬೇಕಾದ ಮೇಲ್ ತಪ್ಪಾಗಿ ಸ್ಪ್ಯಾಮ್‌ಗೆ ಹೋಗುವುದು ಶೇಕಡಾ 0.05ಕ್ಕಿಂತ ಕಡಿಮೆ ಅಂತ. ಹತ್ತು ಸಾವಿರಕ್ಕೆ ಐದು. ಆದರೆ ಅದು ಸರಾಸರಿ. ಬ್ಯಾಂಕಿನ ಓಟಿಪಿ, ಆಫೀಸಿನ ಮೇಲ್, ಗೆಳೆಯರ ಮೇಲ್ ಎಲ್ಲ ಸೇರಿಸಿ ಹಾಕಿದ ಲೆಕ್ಕ. ಆ ಐದು ಯಾರ ಪಾಲಿಗೆ ಬೀಳುತ್ತವೆ ಅನ್ನುವುದೇ ಪ್ರಶ್ನೆ. ಸ್ಪ್ಯಾಮ್ ಗುರುತಿಸುವ ವಿಧಾನದ ಬಗ್ಗೆ 2002ರಲ್ಲಿ ಬರೆದ ಪಾಲ್ ಗ್ರಹಾಂ ಆಗಲೇ ಒಂದು ಎಚ್ಚರಿಕೆ ಕೊಟ್ಟಿದ್ದರು. ಹೆಚ್ಚಿನವರಿಗೆ ಕಸ ಒಳಬರುವುದಕ್ಕಿಂತ ಒಳ್ಳೆಯ ಮೇಲ್ ತಪ್ಪಿಹೋಗುವುದೇ ಎಷ್ಟೋ ಪಾಲು ಕೆಟ್ಟದ್ದು ಅಂತ.

ನಮ್ಮ ದೇಶದಲ್ಲೇ ನಡೆದ ಇನ್ನೊಂದು ಸಂಗತಿ ನೆನಪಿಸಿಕೊಳ್ಳಿ. 2021ರ ಮಾರ್ಚ್ 8ರಂದು ಬೇಡದ ಎಸ್‌ಎಂಎಸ್ ತಡೆಯುವ ಹೊಸ ಸೋಸುವಿಕೆ ಜಾರಿಗೆ ಬಂತು. ಅವತ್ತೇ ದೇಶದಾದ್ಯಂತ ಬ್ಯಾಂಕ್ ಓಟಿಪಿಗಳು ಸಿಕ್ಕಿಬಿದ್ದವು. ಜನ ಕೂಗಿಕೊಂಡರು. ಮರುದಿನವೇ ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ ಅದನ್ನು ಒಂದು ವಾರ ನಿಲ್ಲಿಸಿತು. ಓಟಿಪಿಗೆ ಕಾಯುವವರಿಗೆ ಅದು ಬರಲಿಲ್ಲ ಅಂತ ಅದೇ ನಿಮಿಷಕ್ಕೆ ಗೊತ್ತಾಗುತ್ತದೆ. ಕೊಳೆರೋಗದ ಪತ್ರ ಬರಲಿಲ್ಲ ಅಂತ ಗೊತ್ತಾಗುವುದು ಕಾಯಿ ಉದುರಿದ ಮೇಲೆ. ದೂರು ಕೊಡುವವರೇ ಇಲ್ಲದ ಕಡೆ ತಪ್ಪು ಸರಿಹೋಗುವುದು ಹೇಗೆ?

ಯಂತ್ರದ ತಪ್ಪು ದೊಡ್ಡವರ ಮೇಲೂ ಬಿದ್ದದ್ದುಂಟು. 2006ರಲ್ಲಿ ಅಮೆರಿಕದ ಇಂಟರ್ನೆಟ್, ಮೇಲ್ ಕಂಪನಿ ಎಒಎಲ್, ದುಡ್ಡು ಕೊಟ್ಟವರ ಮೇಲ್‌ಗಳನ್ನು ಸೋಸದೆ ನೇರ ಒಳಬಿಡುವ ಯೋಜನೆ ಮಾಡಿತು. ಹಲವು ಸಂಸ್ಥೆಗಳು ಸೇರಿ ವಿರೋಧಿಸಿ ಒಂದು ವೆಬ್‌ಸೈಟ್ ತೆರೆದವು. ಏಪ್ರಿಲ್‌ನಲ್ಲಿ ಆ ವೆಬ್‌ಸೈಟಿನ ವಿಳಾಸ ಇದ್ದ ಮೇಲ್‌ಗಳನ್ನೆಲ್ಲ ಎಒಎಲ್ ತಡೆಯತೊಡಗಿತು. ಸಾಫ್ಟ್‌ವೇರ್ ತಪ್ಪಿನಿಂದ ಆಯಿತು ಅಂತ ಹೇಳಿ ಸರಿಮಾಡಿದರು. ಅಲ್ಲಿ ಮೇಲ್ ವಾಪಸ್ ಬರುತ್ತಿತ್ತು, ಅದಕ್ಕೇ ಗೊತ್ತಾಯಿತು. ಸುಮ್ನೆ ಸ್ಪ್ಯಾಮ್ ಫೋಲ್ಡರ್‌ಗೆ ಹೋಗಿದ್ದರೆ?

ಹಾಗಾದರೆ ಏನು ಮಾಡಬಹುದು? ಕಷ್ಟದ್ದೇನೂ ಕೇಳುತ್ತಿಲ್ಲ. ಕಂಪನಿಗಳ ಆಫೀಸ್ ಮೇಲ್‌ಗಳಲ್ಲಿ ತಡೆಹಿಡಿದ ಪತ್ರಗಳ ಪಟ್ಟಿಯನ್ನು ಆಗಾಗ ನೌಕರರಿಗೆ ಕಳಿಸುವ ಏರ್ಪಾಡು ಆಗಲೇ ಇದೆ. ಇಂಥವು ಬಂದಿದ್ದವು, ತಡೆದಿದ್ದೇವೆ, ಬೇಕಾದರೆ ಬಿಡಿಸಿಕೊಳ್ಳಿ ಅಂತ. ಅದನ್ನೇ ಮೇಷ್ಟ್ರಂಥ ಸಾಮಾನ್ಯ ಬಳಕೆದಾರರಿಗೂ ವಾರಕ್ಕೊಮ್ಮೆ ಕೊಡಲಿ, ಅವರು ಓದುವ ಭಾಷೆಯಲ್ಲೇ ಕೊಡಲಿ. ಓದುಗರು ಲಿಂಕ್ ಒತ್ತಿ 'ಬೇಕು' ಅಂತ ಖಚಿತ ಮಾಡಿದ್ದರೆ, ಹಿಂದೆ ಅದೇ ವಿಳಾಸಕ್ಕೆ ಉತ್ತರ ಬರೆದಿದ್ದರೆ, ಯಂತ್ರದ ಊಹೆಗಿಂತ ಆ ಮಾತು ಮೇಲಾಗಲಿ. ಮೂರೂ ಪರೀಕ್ಷೆ ಪಾಸಾದ ಪತ್ರವನ್ನು ತಡೆಯುವುದಾದರೆ ಕಳಿಸಿದವರಿಗೆ ಒಂದು ಸಾಲು ತಿಳಿಸಲಿ. ಕಳ್ಳರಿಗೂ ಸುಳಿವು ಸಿಗುತ್ತದೆ ಅಂತ ಅವರು ಹೇಳುತ್ತಾರೆ. ಆ ಭಯ ನಿಜ. ಹಾಗಾದರೆ ಕಳಿಸಿದವರಿಗೆ ಬೇಡ, ಪಡೆಯುವವರಿಗಾದರೂ ಹೇಳಿ. ಅದು ಅವರ ಪತ್ರ.

ಓದುಗರಾದ ನಿಮ್ಮಲ್ಲೂ ಒಂದು ಕೇಳಿಕೆ. ನೀವೇ ಹೆಸರು ಕೊಟ್ಟು ತರಿಸಿಕೊಂಡ ಪತ್ರ ಸಾಕು ಅನ್ನಿಸಿದರೆ ದಯವಿಟ್ಟು 'ಅನ್‌ಸಬ್‌ಸ್ಕ್ರೈಬ್' ಒತ್ತಿ. ನಮಗೆ ಸ್ವಲ್ಪವೂ ಬೇಸರ ಇಲ್ಲ. ಗೊತ್ತಿಲ್ಲದವರಿಂದ ಬಂದ ಮೋಸದ ಮೇಲ್‌ಗೆ ಮಾತ್ರ 'ಸ್ಪ್ಯಾಮ್' ಒತ್ತಿ, ಅದರೊಳಗಿನ ಯಾವ ಲಿಂಕನ್ನೂ ಮುಟ್ಟಬೇಡಿ. ನಿಮಗೆ ಬೇಕಾದ ಪತ್ರ ಸ್ಪ್ಯಾಮ್‌ನಲ್ಲಿ ಸಿಕ್ಕರೆ 'ಸ್ಪ್ಯಾಮ್ ಅಲ್ಲ' ಅಂತ ಒತ್ತಿ, ಆ ವಿಳಾಸವನ್ನು ಕಾಂಟ್ಯಾಕ್ಟ್‌ಗೆ ಸೇರಿಸಿ. ಜಿಮೇಲ್‌ನಲ್ಲಿ ಒಂದು ಫಿಲ್ಟರ್ ಮಾಡಿ ಈ ವಿಳಾಸದ ಮೇಲ್ ಯಾವತ್ತೂ ಸ್ಪ್ಯಾಮ್‌ಗೆ ಹೋಗದಂತೆ ಹೇಳಿಡಬಹುದು. ಕಂಪ್ಯೂಟರಿನಲ್ಲಿ ತೆರೆದು ಮಾಡಬೇಕು, ಐದು ನಿಮಿಷದ ಕೆಲಸ. ನಿಮ್ಮ ಅಪ್ಪ ಅಮ್ಮನ ಮೇಲ್‌ನಲ್ಲಿ ನೀವೇ ಕೂತು ಮಾಡಿಕೊಡಿ.

ಇನ್ನು ನಾವು ಮಾಡುತ್ತಿರುವುದು. 2021ರ ಐಟಿ ನಿಯಮಗಳ ಪ್ರಕಾರ ಇಂಥ ಕಂಪನಿಗಳು ಕುಂದುಕೊರತೆ ಅಧಿಕಾರಿಯನ್ನು ಇಡಬೇಕು, ದೂರು ಬಂದದ್ದನ್ನು 24 ಗಂಟೆಯೊಳಗೆ ಒಪ್ಪಿಕೊಳ್ಳಬೇಕು, ಗೊತ್ತುಮಾಡಿದ ದಿನಗಳೊಳಗೆ ಇತ್ಯರ್ಥ ಮಾಡಬೇಕು. ನಾವು ದೂರು ಬರೆಯುತ್ತಿದ್ದೇವೆ. ಕಳಿಸಿದವರ ದೂರಿಗಿಂತ ಪಡೆಯದವರ ದೂರಿಗೆ ತೂಕ ಜಾಸ್ತಿ. ಮೇಷ್ಟ್ರು ತಮ್ಮದನ್ನು ಕೈಬರಹದಲ್ಲೇ ಬರೆದು ಕೊಟ್ಟಿದ್ದಾರೆ, ಟೈಪ್ ಮಾಡುವ ಕೆಲಸ ನನ್ನದು. ನೀವು ತರಿಸಿಕೊಳ್ಳುವ ಕನ್ನಡ ಪತ್ರ ಯಾವುದೇ ಇರಲಿ, ಕತೆಯದ್ದು, ವಿಜ್ಞಾನದ್ದು, ನಿಮ್ಮ ಊರಿನ ಕನ್ನಡ ಸಂಘದ್ದು, ಸ್ಪ್ಯಾಮ್ ಫೋಲ್ಡರ್‌ನಲ್ಲಿ ಸಿಕ್ಕರೆ ಅದರ ಸ್ಕ್ರೀನ್‌ಶಾಟ್ ನನಗೆ ಕಳಿಸಿ. ನಿಮ್ಮ ವಿಳಾಸ ಕಾಣದಂತೆ ಅಳಿಸಿ ದೂರಿನ ಜೊತೆ ಸೇರಿಸುತ್ತೇನೆ. ಈ ತಿಂಗಳ ಕೊನೆಯವರೆಗೂ ಕಾಯುತ್ತೇನೆ.