ಅವ್ವನಿಗೆ ಗುರುತು ಸಿಕ್ಕ ಕಲ್ಲು

ಕಳೆದ ತಿಂಗಳು ಒಂದು ಮಧ್ಯಾಹ್ನ ಅವ್ವನನ್ನೂ ಏಳನೇ ತರಗತಿಯ ಮಗಳನ್ನೂ ಕರೆದುಕೊಂಡು ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ಹೋಗಿದ್ದೆ. ಬಿಸಿಲು ಇಳಿಯುವವರೆಗೆ ಒಂದು ತಾಸು ನೆರಳಿನಲ್ಲಿ ಕಳೆದರಾಯಿತು ಎಂದುಕೊಂಡು ಒಳಗೆ ಹೋದವರು ನಾವು. ಅವ್ವ ಮಾತ್ರ ನಡುವೆ ತಗ್ಗಾಗಿ ಸವೆದ ಒಂದು ಕಲ್ಲಿನ ಮುಂದೆ ನಿಂತವಳು ಅಲ್ಲಿಂದ ಕದಲಲೇ ಇಲ್ಲ.

ಅವಳಿಗೆ ಎಪ್ಪತ್ತು ದಾಟಿದೆ. ಓದಿದ್ದು ಮೂರನೇ ಇಯತ್ತೆ. ಸಿರುಗುಪ್ಪ ಕಡೆಯ ಹಳ್ಳಿಯಲ್ಲಿ ಹುಟ್ಟಿ, ಜೋಳದ ಹೊಲದಲ್ಲಿ ಬಾಳು ಸವೆಸಿ, ಈಗ ನನ್ನ ಜೊತೆ ನಗರಕ್ಕೆ ಬಂದಿದ್ದಾಳೆ. 'ನನಗೇನು ತಿಳಿಯುತ್ತದೆ, ನೀವು ಹೋಗಿಬನ್ನಿ' ಎಂದು ಮನೆಯಲ್ಲೇ ಉಳಿಯಲು ನೋಡಿದ್ದಳು. ಅಂಥವಳು ಆ ಕಲ್ಲನ್ನು ನೋಡಿ ಮೊಮ್ಮಗಳ ಕೈ ಹಿಡಿದು ಎಳೆದಳು. 'ಇದು ಬೀಸುವ ಕಲ್ಲಲ್ಲ, ಅರೆಯುವ ಕಲ್ಲು. ಬೀಸುವ ಕಲ್ಲಿಗೆ ಗೂಟ ಇರುತ್ತದೆ, ಸುತ್ತ ತಿರುಗುತ್ತದೆ. ಇದರ ಮುಂದೆ ಮಂಡಿಯೂರಿ ಕೂತು, ಗುಂಡುಕಲ್ಲನ್ನು ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಹಿಂದಕ್ಕೆ ತಿಕ್ಕಬೇಕು. ನಡು ಎಷ್ಟು ಸವೆದಿದೆ ನೋಡು. ಇಷ್ಟು ಸವೆಯುವುದು ಒಬ್ಬಳಿಂದ ಆಗುವ ಕೆಲಸವಲ್ಲ. ಅತ್ತೆ ಅರೆದ ಕಲ್ಲಿನಲ್ಲೇ ಸೊಸೆ ಅರೆದಿರಬೇಕು.'

ಆ ಮಾತು ಕೇಳಿ ನಾನು ಸುಮ್ಮನೆ ನಿಂತೆ. ನಾನು ಈ ಮೊದಲೂ ಇಂಥ ಕಲ್ಲುಗಳನ್ನು ನೋಡಿದ್ದೇನೆ, ಅವುಗಳ ಬಗ್ಗೆ ಓದಿದ್ದೇನೆ. ನವಶಿಲಾಯುಗ, ಅಂದರೆ ಜನ ಉಜ್ಜಿ ನಯ ಮಾಡಿದ ಕಲ್ಲಿನ ಆಯುಧ ಹಿಡಿದು ಬೇಸಾಯ ಮಾಡುತ್ತಿದ್ದ ಕಾಲ, ಎಂಬ ಪದ ನನಗೆ ಗೊತ್ತಿತ್ತು, ಅದರ ಕಾಲವೂ ಗೊತ್ತಿತ್ತು. ಆದರೆ ಆ ತಗ್ಗಿನಲ್ಲಿ ಎರಡು ತಲೆಮಾರಿನ ಹೆಂಗಸರನ್ನು ಕಂಡವಳು ನನ್ನ ಅವ್ವ.

ಅವತ್ತಿನಿಂದ ಒಂದು ವಿಚಾರ ತಲೆಯಲ್ಲಿ ಕೊರೆಯುತ್ತಿದೆ. ವಸ್ತುಸಂಗ್ರಹಾಲಯ ಎಂದರೆ ರಾಜರದ್ದು, ಕತ್ತಿ ಗುರಾಣಿಗಳದ್ದು, ಓದಿದವರದ್ದು ಎಂಬ ನಂಬಿಕೆ ನಮ್ಮ ಭಾಗದಲ್ಲಿ ಗಟ್ಟಿಯಾಗಿ ಕೂತಿದೆ. ಹಂಪಿ ಪಕ್ಕದಲ್ಲೇ ಇರುವುದರಿಂದ ಇತಿಹಾಸ ಎಂದ ತಕ್ಷಣ ನಮ್ಮ ಕಣ್ಣಿಗೆ ಕಲ್ಲಿನ ರಥ, ಆನೆ ಲಾಯಗಳೇ ಬರುತ್ತವೆ. ಹಂಪಿಯ ಬಗ್ಗೆ ನನಗೂ ಅಪಾರ ಹೆಮ್ಮೆಯಿದೆ. ಆದರೆ ವಿಜಯನಗರ ಹುಟ್ಟಿದ್ದು 14ನೇ ಶತಮಾನದಲ್ಲಿ. ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದ ಮೇಲೆ ಜನ ಮನೆ ಕಟ್ಟಿಕೊಂಡು, ದನ ಕುರಿ ಸಾಕಿ, ಹುರಳಿ, ಹೆಸರು, ಕಿರುಧಾನ್ಯ ಬೆಳೆದು ಉಂಡದ್ದು ಅದಕ್ಕೂ ಮೂರು ಸಾವಿರ ವರ್ಷಕ್ಕಿಂತ ಹಿಂದೆ. ಅವರಲ್ಲಿ ಒಬ್ಬರ ಹೆಸರೂ ಉಳಿದಿಲ್ಲ. ಉಳಿದಿರುವುದು ಅವರ ದುಡಿಮೆ: ಕಲ್ಲಿನ ಕೊಡಲಿ, ಮಡಕೆ ಚೂರು, ಅರೆಯುವ ಕಲ್ಲು, ಕರಕಾದ ಕಾಳು. ಈ ಸಂಗ್ರಹಾಲಯ ಇಂಥ ಜನರದ್ದು. ಅಂದರೆ ನಮ್ಮಂಥವರದ್ದು.

ಇದಕ್ಕೆ ಒಬ್ಬ ಇಂಗ್ಲಿಷ್ ಭೂವಿಜ್ಞಾನಿಯ ಹೆಸರು ಏಕೆ ಎಂದು ಮಗಳು ಕೇಳಿದಳು. ಕೇಳಬೇಕಾದ ಪ್ರಶ್ನೆಯೇ. ರಾಬರ್ಟ್ ಬ್ರೂಸ್ ಫೂಟ್ ಹುಟ್ಟಿದ್ದು 1834ರಲ್ಲಿ, ತೀರಿಕೊಂಡದ್ದು 1912ರಲ್ಲಿ. ಭಾರತೀಯ ಭೂವಿಜ್ಞಾನ ಸರ್ವೇಕ್ಷಣ ಇಲಾಖೆಯಲ್ಲಿದ್ದ ಅವರಿಗೆ 1863ರ ಮೇ 30ರಂದು ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಹಳೆ ಶಿಲಾಯುಗದ ಒಂದು ಕಲ್ಲಿನ ಆಯುಧ ಸಿಕ್ಕಿತು. ಭಾರತದಲ್ಲಿ ಅಷ್ಟು ಪ್ರಾಚೀನ ಕಾಲದಲ್ಲೇ ಮನುಷ್ಯರಿದ್ದರು ಎಂಬ ತಿಳಿವಳಿಕೆ ಶುರುವಾದದ್ದು ಅಲ್ಲಿಂದ. 1872ರಲ್ಲಿ ಅವರು ನಮ್ಮ ಕಡೆ ಬಂದರು. ಸಂಗನಕಲ್ಲು, ಕಪ್ಪಗಲ್ಲು ಸುತ್ತಲಿನ ಗುಡ್ಡಗಳಲ್ಲಿ ಕೊಡಲಿ ಮಾಡುತ್ತಿದ್ದ ಜಾಗಗಳನ್ನು ಗುರುತಿಸಿದರು. ಆಗ ಬಳ್ಳಾರಿ ಮದ್ರಾಸ್ ಪ್ರಾಂತ್ಯದಲ್ಲಿತ್ತು.

ಇನ್ನೊಂದು ಸಂಗತಿ ನನ್ನನ್ನು ಬಹಳ ಕಾಡುತ್ತದೆ. ಇದೇ ಫೂಟ್ 1895ರಲ್ಲಿ ಬಳ್ಳಾರಿ ಜಿಲ್ಲೆಯ ಭೂರಚನೆಯ ಬಗ್ಗೆ ದೊಡ್ಡ ವರದಿ ಬರೆದರು. ಸಂಡೂರು ಬೆಟ್ಟಗಳ ಕಬ್ಬಿಣದ ಅದಿರಿನ ಬಗ್ಗೆಯೂ ಅದರಲ್ಲಿದೆ. ಒಬ್ಬನೇ ಮನುಷ್ಯ ನಮ್ಮ ನೆಲದ ಎರಡು ಸಂಪತ್ತುಗಳನ್ನು ಜಗತ್ತಿಗೆ ತೋರಿಸಿದ. ಅದಿರನ್ನು ನಾವು ಹೇಗೆ ಹಿಡಿದುಕೊಂಡೆವು, ಬೆಟ್ಟಕ್ಕೆ ಬೆಟ್ಟವನ್ನೇ ಹೇಗೆ ಲಾರಿಗೆ ತುಂಬಿದೆವು ಎಂಬುದು ಇಡೀ ದೇಶಕ್ಕೆ ಗೊತ್ತು. ಕೊಡಲಿಗಳ ಕಥೆಯನ್ನು ಮಾತ್ರ ನೂರೈವತ್ತು ವರ್ಷ ಕೈಬಿಟ್ಟೆವು. ಬಳ್ಳಾರಿ ಎಂದರೆ ಗಣಿ, ಧೂಳು, ಬಿಸಿಲು ಎಂದು ಹೊರಗಿನವರು ಅಂದಾಗ ನಮಗೆ ಸಿಟ್ಟು ಬರುತ್ತದೆ. ಬೇರೇನು ಎಂದು ಅವರು ಕೇಳಿದರೆ ಹೇಳಲು ನಮ್ಮಲ್ಲಿ ಎಷ್ಟು ಜನರಿಗೆ ಉತ್ತರ ಗೊತ್ತಿದೆ?

ಫೂಟ್ ಜೀವಮಾನವಿಡೀ ಕೂಡಿಸಿದ ವಸ್ತುಗಳು 1904ರಲ್ಲಿ ಮದ್ರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಸೇರಿದವು. ನಮ್ಮ ಗುಡ್ಡದ ಕಲ್ಲುಗಳೂ ಅವುಗಳ ಜೊತೆ ಹೋದವು. 1953ರ ಅಕ್ಟೋಬರ್ 1ರಂದು ಬಳ್ಳಾರಿ ಮೈಸೂರು ರಾಜ್ಯಕ್ಕೆ ಸೇರಿತು, ಕಲ್ಲುಗಳು ಅಲ್ಲೇ ಉಳಿದವು. ಇದರಲ್ಲಿ ಯಾರದ್ದೂ ತಪ್ಪಿದೆ ಎಂದು ನನಗೆ ಅನ್ನಿಸುವುದಿಲ್ಲ. ಅವು ಇಲ್ಲೇ ಇದ್ದಿದ್ದರೆ ನಾವು ಅಷ್ಟು ಜೋಪಾನ ಮಾಡುತ್ತಿದ್ದೆವೋ ಇಲ್ಲವೋ! ಎಲ್ಲವನ್ನೂ ವಾಪಸು ಕೊಡಿ ಎಂದು ಕೇಳುವ ಮನಸ್ಸು ನನಗಿಲ್ಲ. ಆದರೆ ಸಂಗನಕಲ್ಲಿನ ಹತ್ತಾದರೂ ಕೊಡಲಿಗಳು ಕೆಲವು ತಿಂಗಳ ಮಟ್ಟಿಗೆ ಬಳ್ಳಾರಿಗೆ ಬಂದು, ಆ ಊರಿನ ಮಕ್ಕಳು ಅವನ್ನು ನೋಡುವಂತಾದರೆ ಎಷ್ಟು ಚೆನ್ನ. ತವರಿಗೆ ಬಂದ ಮಗಳನ್ನು ನಾಲ್ಕು ದಿನ ಇಟ್ಟುಕೊಂಡು ಕಳಿಸುವ ಹಾಗೆ.

ಆ ಕಾಲದ ಬೂದಿ ದಿಬ್ಬಗಳ, ಅಂದರೆ ಬೂದಿಯ ದೊಡ್ಡ ಗುಡ್ಡೆಗಳ, ವಿಷಯಕ್ಕೆ ಬಂದಾಗ ಅವ್ವನ ಜೊತೆ ಇನ್ನೂ ಅರ್ಧ ಗಂಟೆ ಹೋಯಿತು. ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯ ಕುಡತಿನಿಯಲ್ಲಿ ಅಂಥ ದಿಬ್ಬವಿದೆ, ಕಪ್ಪಗಲ್ಲಿನಲ್ಲಿದೆ, ರಾಯಚೂರು ಸೀಮೆಯಲ್ಲೂ ಇವೆ. ಇಷ್ಟೊಂದು ಬೂದಿ ಎಲ್ಲಿಂದ ಬಂತು ಎಂದು ನಮ್ಮ ಹಿರಿಯರೂ ಯೋಚಿಸಿದ್ದಾರೆ. ಹಂಪಿಯ ಹತ್ತಿರದ ನಿಂಬಾಪುರದ ದಿಬ್ಬವನ್ನು ವಾಲಿಯನ್ನು ಸುಟ್ಟ ಬೂದಿ ಎಂದು ಜನ ಇವತ್ತಿಗೂ ತೋರಿಸುತ್ತಾರೆ. ಫೂಟ್ ಅದನ್ನು ದನದ ಸಗಣಿ ಉರಿದ ಬೂದಿ ಎಂದರು. 1957ರಲ್ಲಿ ಈಗಿನ ತೆಲಂಗಾಣದಲ್ಲಿರುವ ಉಟ್ನೂರಿನ ದಿಬ್ಬವನ್ನು ಆಲ್ಚಿನ್ ಎಂಬ ವಿದ್ವಾಂಸರು ಅಗೆದಾಗ ದನಗಳ ಗೊರಸಿನ ಗುರುತುಗಳೇ ಸಿಕ್ಕವು. ದೊಡ್ಡಿಯಲ್ಲಿ ದನ ಕೂಡುತ್ತಿದ್ದರು, ಸಗಣಿ ಆಳೆತ್ತರ ಬೆಳೆಯುತ್ತಿತ್ತು, ಅದಕ್ಕೆ ಬೆಂಕಿ ಬೀಳುತ್ತಿತ್ತು ಅಥವಾ ಅವರೇ ಹಚ್ಚುತ್ತಿದ್ದರು. ಹೀಗೆ ಮತ್ತೆ ಮತ್ತೆ ನಡೆದಿದೆ. ಕೆಲವು ಕಡೆ ಕಾವು ಎಷ್ಟಿತ್ತೆಂದರೆ ಬೂದಿಯೇ ಕರಗಿ ಗಾಜಿನಂತೆ ಗಟ್ಟಿಯಾಗಿದೆ.

ನಾನು ಇದನ್ನೆಲ್ಲ ವಿವರಿಸುತ್ತಿದ್ದರೆ ಅವ್ವ ನಡುವೆ ತಡೆದಳು. 'ತಿಪ್ಪೆಗೆ ಬೆಂಕಿ ಬಿದ್ದರೆ ಬೇಗ ಆರುವುದಿಲ್ಲ ತಮ್ಮಾ. ಮೇಲೆ ಕಾಣಿಸುವುದಿಲ್ಲ, ಒಳಗೊಳಗೇ ದಿನಗಟ್ಟಲೆ ಉರಿಯುತ್ತಿರುತ್ತದೆ. ನಮ್ಮಪ್ಪ ಕುರಿ ತರುಬುತ್ತಿದ್ದ ಹೊಲಗಳಲ್ಲಿ ನಾನು ಕಂಡಿದ್ದೇನೆ. ಆದರೆ ಸಗಣಿ ಅಂದರೆ ಗೊಬ್ಬರ, ಗೊಬ್ಬರ ಅಂದರೆ ಬೆಳೆ. ಅದನ್ನು ಸುಮ್ಮನೆ ಯಾರು ಸುಡುತ್ತಾರೆ? ಏನೋ ಹರಕೆ ಇರಬೇಕು, ಇಲ್ಲದಿದ್ದರೆ ದನಗಳಿಗೆ ರೋಗ ಬಂದಿರಬೇಕು.' ವಿದ್ವಾಂಸರು ದಶಕಗಳಿಂದ ಚರ್ಚಿಸುತ್ತಿರುವ ಪ್ರಶ್ನೆಯೂ ಇದೇ. ಮೈಸೂರು ಕಡೆ ಸಂಕ್ರಾಂತಿಯಲ್ಲಿ ದನಗಳನ್ನು ಕಿಚ್ಚು ಹಾಯಿಸುವ ಆಚರಣೆಯನ್ನು ನೆನೆದು, ಇಂಥ ಬೆಂಕಿಗಳ ಹಿಂದೆ ಹಬ್ಬವೋ ನಂಬಿಕೆಯೋ ಇದ್ದಿರಬಹುದು ಎಂದು ವಾದಿಸುವವರಿದ್ದಾರೆ. ಅವ್ವ ಅವರಾರ ಪುಸ್ತಕವನ್ನೂ ಓದಿದವಳಲ್ಲ.

ಅದಕ್ಕೇ ಹೇಳುತ್ತೇನೆ, ಇಲ್ಲಿಗೆ ನಿಮ್ಮ ಮನೆಯ ಹಿರಿಯರನ್ನು ಕರೆತನ್ನಿ. ಮೊದಲು ಅವರನ್ನೇ ಕರೆತನ್ನಿ. ಮಕ್ಕಳಿಗೆ ಜ್ಞಾನ ಬರಲಿ ಎಂದು ನಾವು ಇಂಥ ಕಡೆ ಹೋಗುತ್ತೇವೆ, ಅಜ್ಜ ಅಜ್ಜಿಯರನ್ನು ಮನೆಯ ಕಾವಲಿಗೆ ಬಿಟ್ಟು ಬರುತ್ತೇವೆ. ಕೂರಿಗೆ ಹಿಡಿದು ಬಿತ್ತಿದವರು, ಹಗೇವಿನಲ್ಲಿ ಜೋಳ ತುಂಬಿಟ್ಟವರು, ಕಂಬಳಿ ಹೊದ್ದು ಕುರಿಯ ಹಿಂದೆ ತಿಂಗಳುಗಟ್ಟಲೆ ಅಲೆದವರು ಇನ್ನು ಇಪ್ಪತ್ತು ವರ್ಷಕ್ಕೆ ನಮ್ಮ ನಡುವೆ ಎಷ್ಟು ಮಂದಿ ಇರುತ್ತಾರೆ? ಅಗೆದು ತೆಗೆದ ಕಲ್ಲುಗಳನ್ನು ಓದಬಲ್ಲ ಕಣ್ಣು ಅವರದು. ಇಂಥ ಹಿರಿಯರನ್ನು ಕೂರಿಸಿಕೊಂಡು, ಒಂದೊಂದೇ ವಸ್ತು ತೋರಿಸಿ, ಅವರು ಆಡಿದ ಮಾತನ್ನು ಬರೆದಿಡುವ ಕೆಲಸ ಜಿಲ್ಲೆ ಜಿಲ್ಲೆಯಲ್ಲೂ ನಡೆಯಬೇಕು. ಬಳ್ಳಾರಿ, ಕೊಪ್ಪಳ, ರಾಯಚೂರಿನ ಕಾಲೇಜುಗಳಲ್ಲಿ ಇತಿಹಾಸ ಓದುವ ಹುಡುಗ ಹುಡುಗಿಯರಿಗೆ ಇದಕ್ಕಿಂತ ಒಳ್ಳೆಯ ಅಭ್ಯಾಸ ಇನ್ನೊಂದಿಲ್ಲ.

ಶಾಲೆಗಳ ಬಗ್ಗೆಯೂ ಒಂದು ಮಾತು. ನನ್ನ ಮಗಳ ಶಾಲೆಯಿಂದ ಹೋದ ವರ್ಷ ಪ್ರವಾಸ ಹೋಗಿದ್ದು ದೂರದ ಊರಿನ ಒಂದು ನೀರಾಟದ ಪಾರ್ಕಿಗೆ. ಮಕ್ಕಳು ನೀರಾಡಬಾರದು ಎಂದು ನಾನು ಹೇಳುವುದಿಲ್ಲ. ಆದರೆ ಸಂಗನಕಲ್ಲು ನಮ್ಮೂರಿಂದ ಕೆಲವೇ ಕಿಲೋಮೀಟರ್. ಬೆಳಿಗ್ಗೆ ತಂಪಿನಲ್ಲಿ ಗುಡ್ಡ ಹತ್ತಿಸಿ, ಬಿಸಿಲೇರುವ ಹೊತ್ತಿಗೆ ಸಂಗ್ರಹಾಲಯಕ್ಕೆ ಕರೆತಂದರೆ ಒಂದೇ ದಿನದಲ್ಲಿ ಎಲ್ಲವೂ ಆಗುತ್ತದೆ. ಅಶೋಕನ ಪಾಠ ಮಾಡುವಾಗ, ಅವನ ಹೆಸರನ್ನೇ ಹೇಳುವ ಬೆರಳೆಣಿಕೆಯ ಶಾಸನಗಳಲ್ಲಿ ನಮ್ಮ ನಿಟ್ಟೂರು, ಉಡೇಗೋಳದವೂ ಇವೆ, ಪಕ್ಕದ ರಾಯಚೂರಿನ ಮಸ್ಕಿಯದೂ ಇದೆ ಎಂದು ಹೇಳಿದರೆ ಮಕ್ಕಳ ಕಿವಿ ನಿಮಿರುವುದಿಲ್ಲವೇ?

ಆ ಸಂಜೆ ಮೂವರೂ ಆಟೋ ಮಾಡಿಕೊಂಡು ಗುಡ್ಡದ ಕಡೆ ಹೋದೆವು. ಅವ್ವನಿಗೆ ಮಂಡಿನೋವು, ಬುಡದಲ್ಲೇ ಒಂದು ಬಂಡೆಯ ಮೇಲೆ ಕೂತಳು. ನಾನು ಮತ್ತು ಮಗಳು ಸ್ವಲ್ಪ ದೂರ ಹತ್ತಿದೆವು. ಗ್ರಾನೈಟ್ ಗುಡ್ಡದ ನಡುವೆ ಕಪ್ಪು ಕಲ್ಲಿನ ಒಂದು ಪಟ್ಟಿ ಹಾದುಹೋಗುತ್ತದೆ, ಡಾಲರೈಟ್. ಕೊಡಲಿ ಮಾಡುತ್ತಿದ್ದುದು ಅದರಿಂದಲೇ. ಇಲ್ಲಿನ ಹಿರೇಗುಡ್ಡ ಎಂಬ ಗುಡ್ಡದಲ್ಲಿ ಆ ಕಾಲದವರು ಒಡೆದು ಬಿಸಾಡಿದ ಚಕ್ಕೆಗಳು ರಾಶಿ ರಾಶಿಯಾಗಿ ಸಿಕ್ಕಿವೆ. ಕೊಡಲಿಯನ್ನು ಉಜ್ಜಿ ಉಜ್ಜಿ ನಯ ಮಾಡಿದ ಜಾಗಗಳಲ್ಲಿ ಬಂಡೆಯೇ ಸವೆದು ತೋಡಾಗಿದೆ. ಆ ತೋಡಿನಲ್ಲಿ ಮಗಳು ಬೆರಳಿಟ್ಟು ಎಳೆದಳು. ಗಾಜಿನ ಹಿಂದೆ ಇಟ್ಟ ಕೊಡಲಿ ಅವಳಿಗೆ ಆಗ ಅರ್ಥವಾಯಿತು, ಅದು ಅವಳ ಮುಖದಲ್ಲೇ ಕಂಡಿತು.

ಈ ಗುಡ್ಡಗಳ ಕಪ್ಪು ಬಂಡೆಗಳ ಮೇಲೆ ಹಿಣಿಲಿರುವ, ಉದ್ದ ಕೊಂಬಿನ ಎತ್ತುಗಳ ಚಿತ್ರಗಳಿವೆ, ಮನುಷ್ಯರ ಚಿತ್ರಗಳೂ ಇವೆ. ಕಲ್ಲಿನಿಂದ ಕುಟ್ಟಿ ಕುಟ್ಟಿ ಮೂಡಿಸಿದವು. ಕೆಲವು ಬಂಡೆಗಳನ್ನು ಸಣ್ಣ ಕಲ್ಲಿನಿಂದ ತಟ್ಟಿದರೆ ಗಂಟೆಯಂತೆ ನಾದ ಬರುತ್ತದೆ, ತಟ್ಟಿ ತಟ್ಟಿ ಅಲ್ಲಿ ಬಟ್ಟಲಿನಂಥ ಗುಳಿ ಬಿದ್ದಿದೆ. ಆ ಕಾಲದವರು ಬೇಕೆಂದೇ ನುಡಿಸುತ್ತಿದ್ದರು ಎಂದು ಅಧ್ಯಯನ ಮಾಡಿದವರು ಬರೆದಿದ್ದಾರೆ. ನೋಡಲು ಹೋಗುವವರು ದಯವಿಟ್ಟು ಚಿತ್ರವಿರುವ ಬಂಡೆಗಳನ್ನು ಕುಟ್ಟಬೇಡಿ, ಹೆಸರು ಕೆತ್ತಬೇಡಿ, ಸೀಮೆಸುಣ್ಣ ಹಚ್ಚಿ ಫೋಟೋ ತೆಗೆಯಬೇಡಿ. ಇದನ್ನು ಕೈಮುಗಿದು ಕೇಳುತ್ತಿದ್ದೇನೆ.

ಇನ್ನೊಂದು ಸದ್ದಿನ ಬಗ್ಗೆ ಬರೆಯಲೇಬೇಕು, ಕಲ್ಲು ಒಡೆಯುವ ಸದ್ದು. ಈ ಸುತ್ತಿನ ಗುಡ್ಡಗಳನ್ನು ಜಲ್ಲಿಗಾಗಿ, ಕಂಬಕ್ಕಾಗಿ ಒಡೆದದ್ದರಿಂದ ಆದ ನಷ್ಟ ದೊಡ್ಡದು. ಚಿತ್ರವಿದ್ದ ಬಂಡೆಗಳೇ ಚೂರಾಗಿವೆ. ಒಡೆದವರನ್ನು ಬೈಯುವುದು ಸುಲಭ. ಅವರು ಹೊಟ್ಟೆಪಾಡಿಗೆ ಸುತ್ತಿಗೆ ಹಿಡಿದವರು, ಒಂದು ರೀತಿಯಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ಇದೇ ಗುಡ್ಡದಲ್ಲಿ ಕಲ್ಲು ಒಡೆದವರ ಕಸುಬಿನವರೇ. ಯಾವ ಬಂಡೆ ಮುಟ್ಟಬಾರದು ಎಂದು ಅವರಿಗೆ ಯಾರು ಹೇಳಿದ್ದರು? ಅವರಿಗೆ ಬೇರೆ ಜಾಗ, ಬೇರೆ ಕೂಲಿ ತೋರಿಸಿದ್ದವರು ಯಾರು? ಗುಡ್ಡವನ್ನು ಉಳಿಸಬೇಕಾದರೆ ಅವರ ಮಕ್ಕಳಿಗೇ ಅಲ್ಲಿ ಕಾವಲುಗಾರರಾಗಿ, ದಾರಿ ತೋರಿಸುವವರಾಗಿ ಕೆಲಸ ಸಿಗಬೇಕು ಎಂಬುದು ನನ್ನ ಗಟ್ಟಿ ನಂಬಿಕೆ. ಗುಡ್ಡ ಹೋದ ಮೇಲೆ ನಗರದ ಕಟ್ಟಡದಲ್ಲಿ ಎಷ್ಟು ಚೆಂದದ ಕೋಣೆಗಳಿದ್ದರೂ ಅವು ಬುಡ ಕಡಿದ ಮರದ ಹೂವಿದ್ದಂತೆ.

ಕತ್ತಲಾಗುವ ಹೊತ್ತಿಗೆ ಕೆಳಗಿಳಿದು ಬಂದೆವು. ಅವ್ವ ಕೂತಲ್ಲೇ ಕೂತು ಗುಡ್ಡ ನೋಡುತ್ತಿದ್ದಳು. ದಾರಿಯುದ್ದಕ್ಕೂ ಮಾತಾಡಲಿಲ್ಲ. ಮನೆಗೆ ಬಂದು ಕೈಕಾಲು ತೊಳೆದವಳೇ ನನ್ನ ಮೊಬೈಲ್ ಇಸಿದುಕೊಂಡು ಊರಿನಲ್ಲಿರುವ ಚಿಕ್ಕಮ್ಮನಿಗೆ ಫೋನ್ ಹಚ್ಚಿಸಿದಳು. ಆ ಕಡೆಯವರ ಕ್ಷೇಮವನ್ನೂ ಕೇಳದೆ ನೇರ ವಿಷಯಕ್ಕೆ ಬಂದಳು.

'ಬಚ್ಚಲ ಬಾಗಿಲಿಗೆ ಕಾಲಿಡಲು ಹಾಕಿದ್ದೀರಲ್ಲ, ಅದು ನಮ್ಮತ್ತೆಯ ಅರೆಯುವ ಕಲ್ಲು. ನಾಳೆ ಬೆಳಿಗ್ಗೆ ಅದನ್ನು ಎತ್ತಿಸಿ, ತೊಳೆದು ಪಡಸಾಲೆಯಲ್ಲಿ ಇಡಿಸು. ಗುಂಡುಕಲ್ಲು ದನದ ಮನೆಯ ಗೋಡೆ ಪಕ್ಕ ಬಿದ್ದಿರಬೇಕು, ಹುಡುಕಿಸು. ಬರುವ ಅಮಾವಾಸ್ಯೆಗೆ ನಾವು ಬರುತ್ತೇವೆ.'