ರಿಸ್ಕ್ ಯಾಕೆ ಸಾರ್?

ಮೊನ್ನೆ ಜಾತ್ರೆಗೆ ಹೋಗಿದ್ದೆವು. ಜೊತೆಯಲ್ಲಿ ಚಿಕ್ಕಪ್ಪನ ಮಗ ಸೀನ. ವಯಸ್ಸು 27. ಸರ್ಕಾರದ ಕಾರ್ಡಿನಲ್ಲಿ ಬೌದ್ಧಿಕ ಅಸಾಮರ್ಥ್ಯ ಅಂತಿದೆ. ತಿರುಗೋ ತೊಟ್ಟಿಲು ಹತ್ತಬೇಕು ಅಂದ. ಟಿಕೆಟ್ ಹರಿಯುವವನು ಅವನ ಮುಖ ನೋಡಿದ, ನನ್ನ ಮುಖ ನೋಡಿದ. “ಇವರು ಬೇಡ ಬಿಡಿ. ರಿಸ್ಕ್ ಯಾಕೆ ಸಾರ್?”

ಎಂಥ ಕಾಳಜಿ! ಆ ತೊಟ್ಟಿಲಿನ ಬಾಗಿಲಿಗೆ ಚಿಲಕದ ಬದಲು ಗೋಣಿದಾರ. ಬುಡ ಅಲ್ಲಾಡದಿರಲಿ ಅಂತ ನಾಲ್ಕು ಇಟ್ಟಿಗೆ. ಎಂಜಿನ್ ನಡೆಸುತ್ತಿದ್ದವನಿಗೆ ಇನ್ನೂ ಮೀಸೆ ಬಂದಿರಲಿಲ್ಲ. ಮೇಲೆ ಗುಂಡು ಹಾಕಿದ ಇಬ್ಬರು ಎದ್ದು ನಿಂತು ಸೆಲ್ಫಿ ತೆಗೆಯುತ್ತಿದ್ದರು. ಅವರ ಪಕ್ಕದ ತೊಟ್ಟಿಲಲ್ಲಿ ಕಂಕುಳ ಕೂಸು. ಇದ್ಯಾವುದೂ ರಿಸ್ಕ್ ಅಲ್ಲ. ರಿಸ್ಕ್ ನಮ್ಮ ಸೀನ. “ಬೆಲ್ಟ್ ಎಲ್ಲಣ್ಣ?” ಅಂತ ಕೇಳಿದ್ದು ಅವನೊಬ್ಬನೇ.

ರಿಸ್ಕ್ ಅಂದರೆ ಅಪಾಯ ಅಂತ ಯಾರು ಹೇಳಿದ್ದು? ಅಪಾಯ ಬೇರೆ. ಬೆಂಗಳೂರಿನ ಫುಟ್‌ಪಾತಿನಲ್ಲಿ ಬಾಯಿ ತೆರೆದ ಮೋರಿ ಇರುತ್ತದಲ್ಲ, ಅದು ಅಪಾಯ. ಬಿದ್ದವರದ್ದು ಅವರವರ ಹಣೆಬರಹ. ರಿಸ್ಕ್ ಅಂದರೆ ‘ನಾಳೆ ನನ್ನ ತಲೆಗೆ ಬರುತ್ತೆ’ ಅಂತ. ಹೆಲ್ಮೆಟ್ ಇಲ್ಲದೆ ಒಂದೇ ಸ್ಕೂಟರಿನಲ್ಲಿ ಐದು ಜನ ಹೋಗುವ ನಾಡಿಗೆ ಈ ವ್ಯತ್ಯಾಸ ಬಿಡಿಸಿ ಹೇಳಬೇಕಾಗಿಲ್ಲ ಬಿಡಿ.

ರಾಂಚಿ ಏರ್‌ಪೋರ್ಟಿನ ಹುಡುಗ ನೆನಪಿದ್ದಾನಲ್ವಾ? 2022ರ ಮೇ 7, ಇಂಡಿಗೋದ ಹೈದರಾಬಾದ್ ವಿಮಾನ. ಅಂಗವಿಕಲ ಹುಡುಗ, ಗಾಬರಿಯಾಗಿದ್ದ. ಸಿಬ್ಬಂದಿ ವಿಮಾನ ಹತ್ತಿಸಲ್ಲ ಅಂದರು. ಜೊತೆಗೆ ಹೊರಟಿದ್ದವರು ಅವನ ಪರವಾಗಿ ಮಾತಾಡಿದರು. ಅವರಲ್ಲಿದ್ದ ಡಾಕ್ಟರುಗಳು ‘ನಾವಿದ್ದೇವೆ’ ಅಂದರು. ಊಹೂಂ, ಉಳಿದ ಪ್ರಯಾಣಿಕರ ಸುರಕ್ಷತೆ! ಆ ಉಳಿದ ಪ್ರಯಾಣಿಕರೇ ಅಲ್ಲವೇ ವಾದ ಮಾಡುತ್ತಿದ್ದದ್ದು? ಆಮೇಲೆ ಕಂಪನಿಯ ದೊಡ್ಡವರು ವಿಷಾದ ಹೇಳಿ, ಎಲೆಕ್ಟ್ರಿಕ್ ವೀಲ್‌ಚೇರ್ ಕೊಡಿಸುತ್ತೇವೆ ಅಂದರು. ಹುಡುಗ ಕೇಳಿದ್ದು ಸೀಟು. ಹೋಗಲಿ, ಅದೂ ಕೂರುವುದೇ ತಾನೇ.

ವಿಮಾನ ಕಂಪನಿಗಳ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಡಿಜಿಸಿಎ, ಇಂಡಿಗೋಗೆ 5 ಲಕ್ಷ ರೂಪಾಯಿ ದಂಡ ಹಾಕಿತು. ಜುಲೈನಲ್ಲಿ ನಿಯಮ ತಿದ್ದಿ, ಅಂಗವೈಕಲ್ಯದ ನೆಪದಲ್ಲಿ ಯಾರನ್ನೂ ಬಿಟ್ಟು ಹೋಗುವಂತಿಲ್ಲ, ಆರೋಗ್ಯ ಕೆಡಬಹುದು ಅನ್ನಿಸಿದರೆ ಮೊದಲು ಡಾಕ್ಟರಿಗೆ ತೋರಿಸಿ ಅಂದಿತು. ಡಾಕ್ಟರನ್ನು ಕೇಳಿ ಅನ್ನುವುದಕ್ಕೂ ದೆಹಲಿಯಿಂದ ಕಾಗದ ಬರಬೇಕಾಯಿತು.

ತಮಾಷೆ ಸಾಕು. 27 ವರ್ಷದ ಸೀನ ಇವತ್ತಿಗೂ ಒಲೆ ಹಚ್ಚಿಲ್ಲ. ಒಬ್ಬನೇ ಬಸ್ ಹತ್ತಿಲ್ಲ. ಕಲಿಯಲಾರ ಅಂತಲ್ಲ, ಯಾರೂ ಕಲಿಸಲಿಲ್ಲ. ಬಸ್ ಕಲಿಸಬೇಕಾದರೆ ಮೊದಲು ನಾವು ಅವನ ಪಕ್ಕದಲ್ಲಿ ಕೂತು ಹೋಗಬೇಕು. ಆಮೇಲೆ ಎರಡು ಸೀಟು ಹಿಂದೆ. ಆಮೇಲೆ ಇಳಿಯುವ ಸ್ಟಾಪಿನಲ್ಲಿ ಕಾಯಬೇಕು. ಬಸ್ ತಪ್ಪಿದರೆ ಯಾರಿಗೆ ಫೋನ್ ಮಾಡಬೇಕು ಅಂತ ಹತ್ತು ಸಲ ಹೇಳಿಕೊಡಬೇಕು. ಇದಕ್ಕೆಲ್ಲ ತಿಂಗಳುಗಟ್ಟಲೆ ಹಿಡಿಯುತ್ತದೆ. ‘ಬೇಡ’ ಅನ್ನುವುದಕ್ಕೆ ಅರ್ಧ ಸೆಕೆಂಡು. 2016ರ ಅಂಗವಿಕಲರ ಹಕ್ಕುಗಳ ಕಾನೂನು, ನೇಮಕಗೊಂಡ ಪಾಲಕರು ಕೂಡ ಇಂಥವರ ಜೊತೆ ಕೂತೇ ತೀರ್ಮಾನ ಮಾಡಬೇಕು ಅನ್ನುತ್ತದೆ. ಜೊತೆ ಕೂರುವುದಿರಲಿ, ನಾವು ಅವನನ್ನು ಕೇಳಿದ್ದು ಯಾವಾಗ? ನಾನೂ ಕೇಳಿಲ್ಲ. ಬಾಯಿ ತುಂಬಾ ‘ದೇವರ ಮಕ್ಕಳು’ ಅಂತೀವಿ. ದೇವರನ್ನೂ ನಾವು ಬೀಗ ಹಾಕಿಯೇ ಇಡುವುದು.

ತೊಟ್ಟಿಲು ತಪ್ಪಿದ ಬೇಜಾರಿಗೆ ಸೀನ ಮೆಣಸಿನಕಾಯಿ ಬಜ್ಜಿ ಕೇಳಿದ. ದುಡ್ಡೂ ಅವನೇ ಕೊಟ್ಟ. ಬಜ್ಜಿಯವನು ದುಡ್ಡು ತಗೊಂಡು ನನ್ನ ಕಡೆ ತಿರುಗಿದ. “ಇವರಿಗೆ ಖಾರ ಆಗುತ್ತಾ ಸಾರ್?”