ಮುದ್ದೆ ಅಗಿದ ಮಗಳು

ಕೊನೆಗೂ ಮಂಡ್ಯದ ಹೆಣ್ಣುಮಕ್ಕಳಿಗೆ ಬೆಳ್ಳಿತೆರೆಯ ಮೇಲೆ ಪ್ರಾತಿನಿಧ್ಯ ಸಿಕ್ಕಿದೆ. ನಾನು ಹೇಳಿದ್ದಲ್ಲ, ಮಂಡ್ಯದ ಕಥೆ ಅಂತ ತೆಗೆದ ಒಂದು ತಾಯಿ-ಮಗಳ ಸಿನಿಮಾದವರೇ ಮೈಸೂರಿನ ಪತ್ರಿಕಾಗೋಷ್ಠಿಯಲ್ಲಿ ಹೇಳಿದ್ದು, ನೀವೂ ಓದಿರ್ತೀರಿ. ‘ವೈವಿಧ್ಯ’ ಅನ್ನೋ ಪದವನ್ನ ಒಗ್ಗರಣೆಗೆ ಸಾಸಿವೆ ಹಾಕಿದ ಹಾಗೆ ಸಿಡಿಸಿದರು. ನಾನು ದೊಡ್ಡವ್ವನನ್ನೂ ಆ ಸಿನಿಮಾಕ್ಕೆ ಕರೆದುಕೊಂಡು ಹೋದೆ. ಮದ್ದೂರು ಕಡೆಯವಳು, ಮೂರೂ ಹೆಣ್ಣೇ ಹೆತ್ತು ಊರವರ ಬಾಯಿಗೆ ಬಿದ್ದವಳು. ಅವಳಿಗಿಂತ ಅರ್ಹ ಪ್ರೇಕ್ಷಕಿ ಇನ್ಯಾರು?

ಹತ್ತು ನಿಮಿಷವಾಗಿತ್ತಷ್ಟೆ, ಮೊಣಕೈಯಲ್ಲಿ ತಿವಿದಳು. ‘ಇವ್ರಲ್ಲಿ ಅವ್ವ ಯಾವಳ್ಲಾ?’

ತಪ್ಪು ಅವಳದಲ್ಲ. ಇಬ್ಬರಿಗೂ ಹೆಚ್ಚೆಂದರೆ ಆರು ವರ್ಷ ವ್ಯತ್ಯಾಸ. ನಮ್ಮಲ್ಲಿ ನಾಯಕನಿಗೆ ಐವತ್ತು ದಾಟಿದರೂ ಕಾಲೇಜಿಗೆ ಅಡ್ಮಿಷನ್ ಸಿಗುತ್ತೆ. ನಟಿಗೆ ಮೂವತ್ತೈದಾದರೆ ಸಾಕು, ಕಿವಿ ಪಕ್ಕ ಎರಡು ನರೆಗೂದಲು ಎಳೆದು ತಾಯಿ ಮಾಡಿ ಕೂರಿಸ್ತಾರೆ.

ಮಗಳು ಬಿಸಿಲಲ್ಲಿ ಕಬ್ಬು ಕಡಿಯೋ ಹುಡುಗಿ. ಅದಕ್ಕೋಸ್ಕರ ಮುಂಬೈಯಿಂದ ಒಬ್ಬಳನ್ನ ಕರೆಸಿ ಮುಖಕ್ಕೆ ಕಂದು ಬಣ್ಣ ಬಳಿದಿದ್ದಾರೆ. ಕಿವಿ ಹಿಂದೆ ಬಳಿಯೋದು ಮರೆತಿದ್ದಾರೆ. ಅವಳು ತಲೆ ತಿರುಗಿಸಿದಾಗಲೆಲ್ಲ ಸುಣ್ಣದ ಗೋಡೆ ಇಣುಕುತ್ತೆ. ಏನು ಮಾಡೋದು, ಮಂಡ್ಯದಲ್ಲಿ ಕಪ್ಪಗಿರೋ ಹುಡುಗಿ ಸಿಗಬೇಕಲ್ಲ? ಬಸ್ ಸ್ಟ್ಯಾಂಡಿನಲ್ಲಿ ನಿಂತು ಹುಡುಕೋಕೆ ಅರ್ಧ ನಿಮಿಷವಾದರೂ ಹಿಡಿಯುತ್ತೆ.

ಆಮೇಲೆ ಆ ಮುದ್ದೆ. ಇದೊಂದು ಹೇಳಲೇಬೇಕು. ಮುದ್ದೆ ಮುರಿದು, ಉರುಟು ಮಾಡಿ, ಸಾರಲ್ಲಿ ಹೊರಳಿಸಿ, ನುಂಗಬೇಕು. ಇಲ್ಲಿ ಮೂರು ವರ್ಷದ ಕೂಸಿಗೂ ಗೊತ್ತಿರೋ ವಿದ್ಯೆ. ಈ ಮಗಳು ಅದನ್ನ ಮೈಸೂರ್‌ಪಾಕಿನ ಹಾಗೆ ಎರಡು ಬೆರಳಲ್ಲಿ ಹಿಡಿದು ಅಗಿದಳು. ಅಗಿದಳು ಅಂದರೆ ಸುಮ್ಮನೆ ಅಲ್ಲ, ಕ್ಲೋಸ್‌ಅಪ್‌ನಲ್ಲಿ, ದವಡೆ ಕಾಣೋ ಹಾಗೆ. ಥಿಯೇಟರಿನಲ್ಲಿ ಯಾರೋ ‘ಅಯ್ಯೋ’ ಅಂದರು.

ಭಾಷೆಯ ವಿಷಯಕ್ಕೆ ಬಂದರೆ, ತಾಯಿ-ಮಗಳು ಮಾತಾಡೋದು ಆಕಾಶವಾಣಿ ವಾರ್ತೆಯ ಕನ್ನಡ. ಅದೂ ಬೇರೆ ಯಾರದ್ದೋ ಕಂಠದಲ್ಲಿ. ‘ಬತ್ತೀನಿ’, ‘ಓಯ್ತೀನಿ’ ಅನ್ನೋರು ಇಬ್ಬರೇ: ಕುಡುಕ ಮತ್ತು ಮನೆ ಕೆಲಸದಾಳು. ಮಂಡ್ಯದಲ್ಲೇ ಮಂಡ್ಯದ ಮಾತಿಗೆ ಸಿಕ್ಕಿದ್ದು ಕಸಬರಿಕೆ! ಈಗ ನಮ್ಮ ಎಷ್ಟೋ ಆಲೆಮನೆಗಳಲ್ಲಿ ಬೆಲ್ಲ ಕಾಯಿಸೋರು ಉತ್ತರ ಪ್ರದೇಶದ ಹುಡುಗರು. ಎರಡು ವರ್ಷ ಇದ್ದವರು ‘ಏನಣ್ಣ, ಊಟ ಆಯ್ತಾ’ ಅಂತ ಕೇಳ್ತಾರೆ. ಅವರಿಗೆ ಯಾರೂ ಡಬ್ಬಿಂಗ್ ಕಲಾವಿದರನ್ನ ಇಟ್ಟಿಲ್ಲ.

ವೈವಿಧ್ಯಕ್ಕೇನೂ ಕೊರತೆ ಇಲ್ಲ, ಬಿಡಿ. ಮುಸ್ಲಿಂ ಗೆಳತಿ ಇದ್ದಾಳೆ, ಬಿರಿಯಾನಿ ಡಬ್ಬಿ ಕೊಟ್ಟು ಹೋಗ್ತಾಳೆ. ಗಾಲಿಕುರ್ಚಿಯ ಹುಡುಗ ಇದ್ದಾನೆ, ಚಪ್ಪಾಳೆ ತಟ್ತಾನೆ. ಕೇರಿಯ ಹೆಂಗಸರು ಇಸ್ತ್ರಿ ಮಾಡಿದ ಸೀರೆ ಉಟ್ಟು ಗದ್ದೆಬದುವಿನ ಮೇಲೆ ಕುಣೀತಾರೆ. ಮೂರು ಕಡೆಯವರಿಗೂ ಸೇರಿ ಒಂದು ಡೈಲಾಗು.

ಕ್ಲೈಮ್ಯಾಕ್ಸ್ ಆಲೆಮನೆಯಲ್ಲಿ. ಕೊಪ್ಪರಿಗೆಯಿಂದ ಹಬೆ ಏಳುತ್ತೆ, ತಾಯಿ ಬಿಸಿಬೆಲ್ಲ ಮುರಿದು ಮಗಳ ಬಾಯಿಗಿಡ್ತಾಳೆ, ಪಿಟೀಲು. ಎಷ್ಟು ಚೆಂದ ಅಂತೀರಿ!

ಆಲೆಮನೆ. ಎಲ್ಲ ಬಿಟ್ಟು ತಾಯಿ-ಮಗಳ ಅಕ್ಕರೆ ತೋರಿಸೋಕೆ ಮಂಡ್ಯದ ಆಲೆಮನೆ. 2023ರ ನವೆಂಬರಿನಲ್ಲಿ ಇವರ್ಯಾರೂ ಪೇಪರ್ ಓದಲಿಲ್ವಾ? ಇದೇ ಜಿಲ್ಲೆಯ ಒಂದು ಆಲೆಮನೆಯಲ್ಲಿ ಸ್ಕ್ಯಾನಿಂಗ್ ಮಷೀನ್ ಇಟ್ಟುಕೊಂಡು ಹೊಟ್ಟೆಯಲ್ಲಿರೋದು ಗಂಡೋ ಹೆಣ್ಣೋ ಅಂತ ಹೇಳ್ತಿದ್ದ ಜಾಲವನ್ನ ಪೊಲೀಸರು ಬಯಲಿಗೆಳೆದರು. ಲಿಂಗಪತ್ತೆ ನಿಷೇಧಿಸೋ ಕಾಯ್ದೆ ಬಂದದ್ದು 1994ರಲ್ಲಿ. ಅಷ್ಟು ವರ್ಷ ಆದ ಮೇಲೂ, ಕಬ್ಬಿನ ಗಾಣದ ಪಕ್ಕದಲ್ಲೇ. ಹುಟ್ಟೋಕೇ ಬಿಡದವಳಿಗೆ ಯಾವ ಪಾತ್ರ ಕೊಡ್ತೀರಿ ಸ್ವಾಮಿ? ಎರಡೂವರೆ ಗಂಟೆಯ ಸಿನಿಮಾದಲ್ಲಿ ಒಬ್ಬಳೇ ಒಬ್ಬ ಅತ್ತೆ ‘ಈ ಸಲವಾದ್ರೂ ಗಂಡು ಹೆರು’ ಅನ್ನಲಿಲ್ಲ. ನನಗೆ ನಗೋಕೂ ಆಗ್ತಿಲ್ಲ, ಸಾಕಾಗಿದೆ.

ಆ ದೃಶ್ಯದಲ್ಲಿ ದೊಡ್ಡವ್ವ ತೆರೆ ನೋಡ್ತಿರಲಿಲ್ಲ, ಸೆರಗಿನ ಗಂಟು ಬಿಚ್ಚಿ ಕಟ್ಟಿ ಮಾಡ್ತಿದ್ದಳು. ವಾಪಸ್ ಬಸ್ಸಿನಲ್ಲೂ ಶ್ರೀರಂಗಪಟ್ಟಣ ದಾಟೋವರೆಗೆ ಮಾತಿಲ್ಲ. ಆಮೇಲೆ ಕಿಟಕಿ ಕಡೆ ಮುಖ ಮಾಡಿಕೊಂಡೇ ಕೇಳಿದಳು:

‘ಆ ಕೂಸ್ಗೆ ಮುದ್ದೆ ನುಂಗೋದ ಯಾರೂ ಯೇಳ್ಕೊಟ್ಟೇ ಇಲ್ವೇನ್ಲಾ?’